ಅಪ್‌ಡೇಟ್: ಉಪ್ಪಿನಕಾಯಿ ಬಾಟಲಿ ಫೋಟೋದ ಪಟ್ಟೆ ಹೋಯ್ತು (ಶಿರಸಿ)

ಅಪ್ಪೆಮಿಡಿ ಬಾಟಲಿಗಳ ಫೋಟೋಗೆ ರಟ್ಟಿನ ಡಬ್ಬಿಯಲ್ಲಿ ಎರಡು 9 ವ್ಯಾಟ್ ಎಲ್‌ಇಡಿ ಬಲ್ಬ್ ಹಾಕಿದ್ದೆ. ಮೊಬೈಲ್‌ನಲ್ಲಿ ಅಡ್ಡ ಪಟ್ಟೆ, ಗಾಜಿನ ಮೇಲೆ ಬಲ್ಬಿನ ಬಿಳಿ ಚುಕ್ಕೆ, ಮೆಣಸಿನ ಕೆಂಪು ಮಂಕು. ಏನು ಮಾಡಲಿ ಅಂತ ಕೇಳಿದ್ದೆ.

ಕೆಲಸಕ್ಕೆ ಬಂದದ್ದು 12 ವೋಲ್ಟ್ ಎಲ್‌ಇಡಿ ಸ್ಟ್ರಿಪ್ (ಸಣ್ಣ ಎಲ್‌ಇಡಿಗಳ ಅಂಟುಪಟ್ಟಿ) ಸಲಹೆ. ನಮ್ಮ ಕರೆಂಟು 50 ಹರ್ಟ್ಜ್, ಅಗ್ಗದ ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಆ ಬಲ್ಬಿನಲ್ಲೇ ಮೊಬೈಲ್‌ನ ಶಟರ್ 1/100 ಸೆಕೆಂಡಿಗೆ ಇಟ್ಟಾಗ ಪಟ್ಟೆ ಹೋಯಿತು, 1/250ಕ್ಕೆ ಮತ್ತೆ ಬಂತು. ಈಗ ಸಿಆರ್‌ಐ (ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಎಂಬ ಅಳತೆ, ಗರಿಷ್ಠ 100) 90 ಮೀರಿದ ಸ್ಟ್ರಿಪ್ 2 ಮೀಟರ್, ಮೀಟರಿಗೆ 14.4 ವ್ಯಾಟ್, ಅಂದರೆ 2.4 ಆಂಪ್. ಎಸ್‌ಎಂಪಿಎಸ್ (ಮನೆ ಕರೆಂಟನ್ನು ಮಿನುಗದ 12 ವೋಲ್ಟ್ ಡಿಸಿ ಮಾಡುವ ಪೆಟ್ಟಿಗೆ) 5 ಆಂಪ್‌ದು ಹಾಕಿದೆ, ಬಿಸಿಯಾಗುವುದಿಲ್ಲ. ಕೆಂಪು ಈಗ ನಿಜವಾದ ಕೆಂಪು! ಸ್ಟ್ರಿಪ್ಪನ್ನು ಥರ್ಮೋಕೋಲ್‌ಗೆ ಅಂಟಿಸಬೇಡಿ, ಅಲ್ಯೂಮಿನಿಯಂ ಪಟ್ಟಿ ಬೇಕೇ ಬೇಕು. ಶಾಖ ಹೊರಹೋಗದಿದ್ದರೆ ಅಂಟು ಬಿಡುತ್ತದೆ, ಎಲ್‌ಇಡಿ ಬೇಗ ಮಂಕಾಗುತ್ತದೆ.

ಚುಕ್ಕೆ ಹೋಗಲು ಬೆಳಕಿಗೆ ಬಟರ್ ಪೇಪರ್ ಅಡ್ಡ ಹಿಡಿಯುವ ಸಲಹೆ ನಮ್ಮ ಮಳೆಗಾಲಕ್ಕೆ ಆಗಲಿಲ್ಲ. ತಂಡಿಗೆ ಉಬ್ಬಿ ಸುಕ್ಕಾಗುತ್ತದೆ, ಆ ಸುಕ್ಕೆಲ್ಲ ಗಾಜಿನಲ್ಲಿ ಕಾಣುತ್ತದೆ. ಹಳೆಯ ಬಿಳಿ ಪಂಚೆಯನ್ನು ಚೌಕಟ್ಟಿಗೆ ಬಿಗಿದು, ಸ್ಟ್ರಿಪ್‌ನಿಂದ ಒಂದು ಅಡಿ ದೂರ ಇಟ್ಟರೆ ಚುಕ್ಕೆ ಮಾಯ. ಬಾಟಲಿಯ ಅಂಚು ಎದ್ದು ಕಾಣಲು ಎರಡೂ ಬದಿಗೆ ಕಪ್ಪು ರಟ್ಟಿನ ಪಟ್ಟಿ ನಿಲ್ಲಿಸಿ.

ಅಚ್ಚರಿಯ ವಿಷಯ: ಡಿಮ್ಮರ್ ಹಾಕಿದ ಕೂಡಲೇ ಪಟ್ಟೆ ವಾಪಸ್! ಅಗ್ಗದ ಡಿಮ್ಮರ್ ಬೆಳಕನ್ನು ಆರಿಸಿ-ಹೊತ್ತಿಸಿಯೇ ಕಡಿಮೆ ಮಾಡುವುದು. ಬೆಳಕು ಹೆಚ್ಚಾದರೆ ಪಂಚೆ ಇನ್ನೊಂದು ಮಡಿಕೆ ಮಾಡಿ. ಎಸ್‌ಎಂಪಿಎಸ್‌ನ 230 ವೋಲ್ಟ್ ತಿರುಪುಗಳು ಬಯಲಲ್ಲಿರುತ್ತವೆ. ಮುಚ್ಚಳ, ಅರ್ಥಿಂಗ್ ಎರಡೂ ಬೇಕು.