ವಿಷಯ: ‘ಪ್ರಾಕ್ಸಿ ವಾರ್’ಗೆ ಕನ್ನಡ ಪದ (ನಾಳೆ ಸಂಜೆಯೊಳಗೆ ಬೇಕು)

ಉಡುಪಿಯ ಕಾಲೇಜೊಂದರಲ್ಲಿ ಅಫ್ಘಾನಿಸ್ತಾನದ ಯುದ್ಧದ ಬಗ್ಗೆ ಪ್ರದರ್ಶನವಿದೆ, ಫಲಕಗಳ ಅನುವಾದ ನನ್ನ ಪಾಲಿಗೆ ಬಂದಿದೆ. ಪ್ರಾಕ್ಸಿ ವಾರ್ ಅಂದರೆ ಹೊರಗಿನ ದೇಶ ತಾನು ನೇರವಾಗಿ ಕಾದದೆ, ಕಾದುವವರಿಗೆ ದುಡ್ಡು, ಆಯುಧ ಕೊಟ್ಟು ನಡೆಸುವ ಯುದ್ಧ. ಅದಕ್ಕೆ ಪತ್ರಿಕೆಗಳಲ್ಲಿ ‘ಪರೋಕ್ಷ ಯುದ್ಧ’ವೂ ಇದೆ, ‘ಛಾಯಾಸಮರ’ವೂ ಇದೆ. ಯಾವುದು ಸರಿ?

> ಎರಡೂ ಬೇಡ. ‘ಮರೆಕಾಳಗ’ ಅನ್ನಿ. ಯಕ್ಷಗಾನ ನೋಡುವ ಊರಿನಲ್ಲಿ ಕಾಳಗಕ್ಕೆ ಅರ್ಥ ಹೇಳಬೇಕಿಲ್ಲ.

ಮರೆಕಾಳಗ ಅಂದರೆ ಮರೆಯಲ್ಲಿ ನಿಂತು ಹೊಡೆಯುವುದು. ಗೆರಿಲ್ಲಾ ಕಾದಾಟಕ್ಕೆ ಹೊಂದೀತು, ಇದಕ್ಕಲ್ಲ. 1979ರ ಡಿಸೆಂಬರಿನಲ್ಲಿ ಒಳಹೊಕ್ಕ ಸೋವಿಯತ್ ಸೇನೆ ನೇರವಾಗಿಯೇ ಕಾದಿತು. ಎದುರು ಬದಿಯ ಮುಜಾಹಿದೀನ್ ಹೋರಾಟಗಾರರಿಗೆ ಅಮೆರಿಕದ ದುಡ್ಡು, ವಿಮಾನ ಉರುಳಿಸುವ ಸ್ಟಿಂಗರ್ ಕ್ಷಿಪಣಿ ಪಾಕಿಸ್ತಾನದ ಗುಪ್ತಚರ ಸಂಸ್ಥೆ ಐಎಸ್‌ಐ ಕೈದಾಟಿ ಬಂದವು. 1989ರ ಫೆಬ್ರವರಿಯಲ್ಲಿ ಸೋವಿಯತ್ ಸೇನೆ ಹೊರಟುಹೋದರೂ ಅದರ ಬೆಂಬಲದಲ್ಲಿದ್ದ ಕಾಬೂಲಿನ ನಜೀಬುಲ್ಲಾ ಸರ್ಕಾರ ಬೀಳಲಿಲ್ಲ; ಮಾಸ್ಕೋದ ನೆರವು ನಿಂತಮೇಲೆ, 1992ರ ಏಪ್ರಿಲಿನಲ್ಲಿ ಬಿತ್ತು. ಯುದ್ಧ ಅಷ್ಟು ವರ್ಷ ಎಳೆದದ್ದು ಹೊರಗಿನ ಪೂರೈಕೆಯಿಂದ. ಪದ ಅದನ್ನು ಹೇಳಬೇಕು. ನಮ್ಮಲ್ಲಿದೆ: ಕುಮ್ಮಕ್ಕು. ‘ಕುಮ್ಮಕ್ಕಿನ ಯುದ್ಧ.’

ಇನ್ನೊಂದು ಗುಣವೂ ಇದೆ. ಕುಮ್ಮಕ್ಕು ಪಡೆದವನು ಬೊಂಬೆಯಾಗುವುದಿಲ್ಲ. 1783ರಲ್ಲಿ ಬ್ರಿಟಿಷರ ಕೈಯಲ್ಲಿದ್ದ ಮಂಗಳೂರು ಕೋಟೆಗೆ ಮುತ್ತಿಗೆ ಹಾಕಿದ್ದ ಟಿಪ್ಪುವಿನ ಜೊತೆ ಫ್ರೆಂಚರಿದ್ದರು. ಯುರೋಪಿನಲ್ಲಿ ಸಂಧಿಯಾದ ಸುದ್ದಿ ಬಂದದ್ದೇ ಅವರು ಕೈಬಿಟ್ಟರು. ಟಿಪ್ಪು ಬಿಡಲಿಲ್ಲ, 1784ರ ಜನವರಿಯಲ್ಲಿ ಕೋಟೆ ಅವನ ವಶವಾಯಿತು, ಮಾರ್ಚಿನಲ್ಲಿ ಬ್ರಿಟಿಷರೊಡನೆ ಒಪ್ಪಂದ. ಬಂದೂಕು ಯಾರದೇ ಇರಲಿ, ಹಗೆ ಅವನದೇ. ‘ಛಾಯಾಸಮರ’ ಈ ಜನರನ್ನೇ ನೆರಳು ಮಾಡಿಬಿಡುತ್ತದೆ. ಸತ್ತವರು ನೆರಳುಗಳಲ್ಲ.

> ಕುಮ್ಮಕ್ಕು ಪಾರಸಿಯ ಕಡೆಯಿಂದ ಬಂದದ್ದು. ಕನ್ನಡದ ಫಲಕಕ್ಕೆ ಸಲ್ಲದು.

ಹಾಗಾದರೆ ಕರಾವಳಿಯವರು ವರ್ಗ ಜಾಗದ (ಕಂದಾಯ ಕಟ್ಟುವ ಸಾಗುವಳಿ ಭೂಮಿಯ) ಪಕ್ಕದ ಕುಮ್ಕಿಯನ್ನೂ ಹೆಸರು ಬದಲಿಸಿ ಕರೆಯಬೇಕೇ? ಅದೂ ಅದೇ ಬೇರು, ನೆರವು ಎಂಬ ಅರ್ಥದ್ದು. ಗದ್ದೆ ತೋಟಕ್ಕೆ ಸೊಪ್ಪು, ಮನೆಗೆ ಸೌದೆ ಕೊಟ್ಟ ನೆಲ. ತಲೆಮಾರುಗಟ್ಟಲೆ ಬಾಯಲ್ಲಿ ಉಳಿದ ಪದಕ್ಕೆ ಮೂಲದ ಚೀಟಿ ಕೇಳುವುದು ಭಾಷಾಪ್ರೇಮವಲ್ಲ.

> ಕುಮ್ಕಿ ದಾಖಲೆಯ ಮಾತು. ಅದನ್ನು ತಂದು ವಾದ ಗೆಲ್ಲಬೇಡಿ. ಕುಮ್ಮಕ್ಕು ಅಂದರೆ ಜನಕ್ಕೆ ಪೊಲೀಸ್ ಸುದ್ದಿ ನೆನಪಾಗುತ್ತದೆ, ‘ಆತ್ಮಹತ್ಯೆಗೆ ಕುಮ್ಮಕ್ಕು’ ಎಂಬಂತೆ. ಅಪರಾಧದ ವಾಸನೆಯ ಪದ.

ಆ ವಾಸನೆ ಇರಲಿ. ಆಯುಧ ಕೊಟ್ಟವರ ಮೇಲೆ ಅಷ್ಟಾದರೂ ಹೊಣೆ ಬೀಳಲಿ.

ಪ್ರಶ್ನೆ ಕೇಳಿದ ನನ್ನಿಂದ, ಉತ್ತರಿಸಿದ ಇಬ್ಬರಿಗೂ ವಂದನೆ. ಶೀರ್ಷಿಕೆಗೆ ‘ಹೊರಗಿನ ಕುಮ್ಮಕ್ಕಿನ ಯುದ್ಧ’ ಎಂದು ಬರೆಸುತ್ತಿದ್ದೇನೆ. ಒಳಗೆ ಒಮ್ಮೆ ‘ಪರೋಕ್ಷ ಯುದ್ಧ’ ಎಂದೂ ಇರುತ್ತದೆ, ಪತ್ರಿಕೆ ಓದುವವರಿಗೆ ಗುರುತು ಹತ್ತಲಿ ಎಂದು.