ಚಿಕ್ಕಪ್ಪನ ಫಾರ್ವರ್ಡ್, ಅಕ್ಕಿ ಡಬ್ಬಿಯ ಪಾಸ್‌ಬುಕ್

ದೊಡ್ಡಮನೆ ಬಳಗ, ಭಾನುವಾರ ಬೆಳಿಗ್ಗೆ

ಶ್ರೀಧರ ಚಿಕ್ಕಪ್ಪ: (ಫಾರ್ವರ್ಡ್) 9 ವರ್ಷಗಳಲ್ಲಿ 24.82 ಕೋಟಿ ಭಾರತೀಯರು ಬಡತನದಿಂದ ಹೊರಕ್ಕೆ! ವಿಶ್ವಸಂಸ್ಥೆಯ 2030ರ ಗುರಿ ಗಡುವಿಗೆ ಮುನ್ನವೇ ಕೈವಶ! ಹತ್ತು ಜನರಿಗೆ ಕಳುಹಿಸಿ.

ಲಲಿತತ್ತೆ: ಯಾರು ಎಣಿಸಿದರು?

ಶ್ರೀಧರ ಚಿಕ್ಕಪ್ಪ: ನೀತಿ ಆಯೋಗ, ಅಕ್ಕ. ನಿನಗೆ ಎಲ್ಲದರಲ್ಲೂ ಹುಳುಕೇ ಕಾಣುತ್ತದೆ.

ಸ್ಮಿತಾ: ಎಣಿಸಿಲ್ಲ ಚಿಕ್ಕಪ್ಪ, ಅಂದಾಜಿಸಿದ್ದಾರೆ. 2013–14ರಲ್ಲಿ ಶೇ 29.17, 2022–23ರಲ್ಲಿ ಶೇ 11.28 ಜನ ಬಡವರು ಎಂಬ ಲೆಕ್ಕ ಅದು. ಅಲ್ಲಿ ಬಡತನ ಎಂದರೆ ಆದಾಯವಲ್ಲ, ಮನೆಯಲ್ಲಿ ಏನೇನು ಕೊರತೆ ಇದೆ ಎಂದು ನೋಡುವ ಬಹುಆಯಾಮದ ಬಡತನ. ಆದರೆ ಅದಕ್ಕೆ ಆಧಾರವಾದ ಕುಟುಂಬ ಆರೋಗ್ಯ ಸಮೀಕ್ಷೆ ಆ ಎರಡು ವರ್ಷಗಳಲ್ಲೂ ನಡೆದೇ ಇಲ್ಲ. ಮನೆ ಬಾಗಿಲಿಗೆ ಹೋಗಿ ಕೇಳಿದ್ದು 2015–16 ಮತ್ತು 2019–21ರಲ್ಲಿ. ಆಗ ಶೇ 24.85 ಇದ್ದದ್ದು ಶೇ 14.96ಕ್ಕೆ ಇಳಿಯಿತು, ಅಂದರೆ 13.5 ಕೋಟಿ ಜನ. ಅದೇನು ಸಣ್ಣದೇ? ಅಷ್ಟನ್ನೇ ಹೇಳಬಹುದಿತ್ತು.

ಶ್ರೀಧರ ಚಿಕ್ಕಪ್ಪ: ಗುರಿ ಮುಟ್ಟಿದೆಯೋ ಇಲ್ಲವೋ?

ಸ್ಮಿತಾ: 2015ರಲ್ಲಿ 193 ದೇಶಗಳು ಒಪ್ಪಿದ 17 ಗುರಿಗಳಲ್ಲಿ ಮೊದಲನೆಯದೇ ಬಡತನ. ಆಯಾ ದೇಶದ ಅಳತೆಗೋಲಿನಲ್ಲಿ ಅರ್ಧಕ್ಕೆ ಇಳಿಸಬೇಕು ಎಂಬ ಭಾಗವನ್ನು ಬಹುಶಃ ಮುಟ್ಟಿಯೂ ಆಯಿತು. ಕಡುಬಡತನ ಪೂರ್ತಿ ಅಳಿಯಬೇಕು ಎಂಬ ಭಾಗವೂ ಅದರಲ್ಲೇ ಇದೆ.

ಲಲಿತತ್ತೆ: ಅಂಗನವಾಡಿಯಲ್ಲಿ 31 ವರ್ಷ ಸವೆಸಿದವಳು ನಾನು. ಸಿಲಿಂಡರಿಗೆ ಹಳೆಯ ಸೀರೆ ಹೊದಿಸಿ ಮೂಲೆಗೆ ನಿಲ್ಲಿಸಿ ಸೌದೆ ಒಲೆ ಊದುವವರನ್ನು ಎಷ್ಟು ಜನರನ್ನು ನೋಡಿಲ್ಲ! ಅವರೂ ಹೊರಬಂದವರೋ?

ಸ್ಮಿತಾ: ಅಲ್ಲಿ ನೀವು ತಪ್ಪಿದಿರಿ ಅತ್ತೆ. ಮುಖ್ಯವಾಗಿ ಯಾವುದರಲ್ಲಿ ಬೇಯಿಸುತ್ತೀರಿ ಎಂದೇ ಕೇಳುತ್ತಾರೆ. ಸೌದೆ ಎಂದರೆ ಕೊರತೆಯ ಕಡೆಗೆ ಗುರುತು ಬೀಳುತ್ತದೆ. ಕೊರತೆ ಅಳೆಯಲು ನೋಡುವ 12 ಅಂಶಗಳಲ್ಲಿ ನನಗೆ ಕಸಿವಿಸಿ ಇರುವುದು ಬ್ಯಾಂಕ್ ಖಾತೆಯ ಬಗ್ಗೆ. ಮನೆಯಲ್ಲಿ ಒಬ್ಬರ ಹೆಸರಿನಲ್ಲಿದ್ದರೆ ಸಾಕು, ಅದರಲ್ಲಿ ದುಡ್ಡಿದೆಯೇ ಎಂದು ಯಾರೂ ಕೇಳುವುದಿಲ್ಲ.

ಪ್ರಸನ್ನ: ಗೀತಾಳ ಸೀಮಂತಕ್ಕೆ ಎಲೆ ಎಷ್ಟು ಎಂದು ಅಡುಗೆಯವರು ಕೇಳುತ್ತಿದ್ದಾರೆ.

ಶ್ರೀಧರ ಚಿಕ್ಕಪ್ಪ: ಪ್ರಸನ್ನ, ಸ್ವಲ್ಪ ತಡಿ. ಖಾತೆ ಎಂದರೆ ಹಗುರವಾಗಿ ಮಾತನಾಡಬೇಡಿ. 2014ರಲ್ಲಿ ಜನಧನ ಶುರುವಾದಾಗ ಶಾಲೆಯ ಜಗಲಿಯಲ್ಲಿ ಮೇಜು ಹಾಕಿಕೊಂಡು ಕತ್ತಲಾಗುವವರೆಗೆ ಅರ್ಜಿ ತುಂಬಿದ್ದೇನೆ. ಹೆಬ್ಬೆಟ್ಟಿನ ಶಾಯಿ ನನ್ನ ಬುತ್ತಿಯ ಡಬ್ಬಿಗೂ ಮೆತ್ತಿತ್ತು.

ಲಲಿತತ್ತೆ: ತುಂಬಿದೆ, ಸರಿ. ನಮ್ಮಲ್ಲಿ ಪಾತ್ರೆ ತೊಳೆಯಲು ಬರುವವಳ ಮನೆಯಲ್ಲಿರುವುದು ಅವಳ ಮಾವನ ಖಾತೆಯೊಂದೇ. ಪಾಸ್‌ಬುಕ್ ಅಕ್ಕಿ ಡಬ್ಬಿಯ ತಳದಲ್ಲಿದೆ, ಮೂರು ವರ್ಷದಿಂದ ಒಂದು ಸಾಲೂ ಅಚ್ಚಾಗಿಲ್ಲ. ಹೋದ ತಿಂಗಳು ಮಗುವಿಗೆ ಜ್ವರ ಬಂದಾಗ ದುಡ್ಡು ತಂದದ್ದು ನೂರಕ್ಕೆ ಐದರ ಬಡ್ಡಿಗೆ.

(ಇಪ್ಪತ್ತು ನಿಮಿಷ ಯಾರೂ ಬರೆಯಲಿಲ್ಲ.)

ಶ್ರೀಧರ ಚಿಕ್ಕಪ್ಪ: ಎರಡು ವರ್ಷ ವಹಿವಾಟು ಇಲ್ಲದಿದ್ದರೆ ಖಾತೆ ನಿಷ್ಕ್ರಿಯವಾಗುತ್ತದೆ. ಆಧಾರ್, ಫೋಟೊ ಹಿಡಿದುಕೊಂಡು ಹೋಗಬೇಕು, ಶುಲ್ಕವೇನೂ ಇಲ್ಲ. ನಾಳೆ ಹತ್ತಕ್ಕೆ ನಾನೇ ಜೊತೆಗೆ ಬರುತ್ತೇನೆ.

ಲಲಿತತ್ತೆ: ಹತ್ತಕ್ಕೆ ಅವಳಿಗೆ ಇನ್ನೂ ಎರಡು ಮನೆಯ ಕೆಲಸ ಇರುತ್ತದೆ. ಮಾವನಿಗೆ ನಡೆಯಲಾಗದು.

ಶ್ರೀಧರ ಚಿಕ್ಕಪ್ಪ: ಹಾಗಾದರೆ ಹನ್ನೆರಡಕ್ಕೆ. ಆಟೊ ನಾನು ತರುತ್ತೇನೆ. ಫಾರ್ವರ್ಡ್ ಮಾತ್ರ ಅಳಿಸುವುದಿಲ್ಲ.

ಪ್ರಸನ್ನ: ಎಲೆ ಎಷ್ಟು?