ನಿಲ್ಲಿಸಿದ್ದ ಕಾರಿನ ಬ್ಯಾಟರಿ ತಾನಾಗಿಯೇ ಬರಿದಾಗುವುದೇಕೆ?

ಪ್ರಶ್ನೆ: ಊರಿಗೆ ಹೋಗಿ ಬರುವಷ್ಟರಲ್ಲಿ ಕಾರಿನ ಬ್ಯಾಟರಿ ಪೂರ್ತಿ ಇಳಿದಿತ್ತು; ರಿಮೋಟ್‌ನಿಂದ ಬಾಗಿಲು ಕೂಡ ತೆರೆಯಲಿಲ್ಲ. ಬ್ಯಾಟರಿ ತೀರಾ ಹಳೆಯದೇನಲ್ಲ. ಹೊಸದನ್ನೇ ಕೊಳ್ಳಬೇಕೆ, ಅಥವಾ ದೋಷ ಬೇರೆಡೆ ಇರಬಹುದೆ? ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ 1: ಸಾಮಾನ್ಯವಾಗಿ ರಿಮೋಟ್‌ನೊಳಗೇ ಲೋಹದ ಕೀಲಿಯೊಂದು ಇರುತ್ತದೆ, ಅದರಿಂದ ಬಾಗಿಲು ತೆರೆಯಬಹುದು. ಕೊಳ್ಳುವ ಆತುರ ಬೇಡ. ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿಸಿ, ಕೆಲವು ಗಂಟೆ ಬಿಟ್ಟು, ವೋಲ್ಟೇಜ್ ಅಳೆಯುವ ಮಲ್ಟಿಮೀಟರ್‌ನಲ್ಲಿ ನೋಡಿ. ಸುಮಾರು 12.6 ವೋಲ್ಟ್ ನಿಂತರೆ ಆಶೆಯಿದೆ. ಆಮೇಲೆ ಲೋಡ್ ಪರೀಕ್ಷೆಯನ್ನೂ (ಹೆಚ್ಚು ವಿದ್ಯುತ್ ಎಳೆದಾಗ ಬ್ಯಾಟರಿ ತಾಳುತ್ತದೆಯೇ ಎಂದು ನೋಡುವುದು) ಮಾಡಿಸಿ.

ಉತ್ತರ 2: ನನಗೆ ಬ್ಯಾಟರಿಗಿಂತ ಕಾರಿನ ಮೇಲೆಯೇ ಅನುಮಾನ. ಈಗಿನ ಕಾರುಗಳಲ್ಲಿ ಎಂಜಿನ್ ನಿಂತ ಮೇಲೂ ಅಲಾರಂ, ಕೀಲಿಯ ಸಂಕೇತಕ್ಕೆ ಕಾಯುವ ಘಟಕ, ಮೊಬೈಲ್ ಆ್ಯಪ್‌ನೊಡನೆ ಮಾತಾಡುವ ಘಟಕ ಇವೆಲ್ಲ ವಿದ್ಯುತ್ತನ್ನು ಎಳೆಯುತ್ತಲೇ ಇರುತ್ತವೆ. ಸಾಮಾನ್ಯವಾಗಿ 50 ಮಿಲಿಆಂಪಿಯರ್‌ವರೆಗಿನ ಎಳೆತವನ್ನು ಸಹಜವೆನ್ನುತ್ತಾರಾದರೂ, ಆ ಲೆಕ್ಕದಲ್ಲಿ ದಿನಕ್ಕೆ 1.2 ಆಂಪಿಯರ್-ಅವರ್ (ಬ್ಯಾಟರಿಯಲ್ಲಿನ ವಿದ್ಯುತ್ತಿನ ಅಳತೆ) ಕರಗುವುದರಿಂದ, 45 ಆಂಪಿಯರ್-ಅವರ್ ಬ್ಯಾಟರಿ 20 ದಿನಗಳಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿಯಾಗುತ್ತದೆ. ಹೊರಗಿನಿಂದ ಜೋಡಿಸಿದ ಡ್ಯಾಶ್‌ಕ್ಯಾಮ್ ಇದ್ದರೆ ಮೊದಲು ಅದನ್ನು ಬಿಚ್ಚಿ ನೋಡಿ.

ಉತ್ತರ 3: ಜಂಪ್ ಸ್ಟಾರ್ಟ್ ಮಾಡುವಾಗ, ಅಂದರೆ ಇನ್ನೊಂದು ಬ್ಯಾಟರಿಗೆ ಕೇಬಲ್ ಜೋಡಿಸಿ ಕಾರನ್ನು ಚಾಲೂ ಮಾಡುವಾಗ, ಕಪ್ಪು ಕೇಬಲ್‌ನ ಕೊನೆಯ ತುದಿಯನ್ನು ಸತ್ತ ಬ್ಯಾಟರಿಗೆ ಸಿಕ್ಕಿಸದೆ, ಅದರಿಂದ ದೂರವಿರುವ ಎಂಜಿನ್‌ನ ಬರಿಯ ಲೋಹಕ್ಕೆ ಸಿಕ್ಕಿಸಿ; ಬ್ಯಾಟರಿಯಿಂದ ಹೊಮ್ಮುವ ಹೈಡ್ರೋಜನ್‌ಗೆ ಕಿಡಿ ತಾಗಬಾರದು.